ಗೆದ್ದ ಆರು ತಿಂಗಳಿಗೆ ಮೆಟ್ಟಿಲಿಳಿದ ಕಾಲೇಜು

2024ರ ಸೆಪ್ಟೆಂಬರ್ 7, ಶನಿವಾರ. ಒಹಾಯೋ ರಾಜ್ಯದ ಕೆಂಟ್ ಎಂಬ ಊರು. ಅಲ್ಲಿನ ಕೆಂಟ್ ಸ್ಟೇಟ್ ಯೂನಿವರ್ಸಿಟಿಯ ಮೈದಾನಕ್ಕೆ ಪಕ್ಕದ ಪೆನ್ಸಿಲ್ವೇನಿಯಾದಿಂದ ಒಂದು ಫುಟ್‌ಬಾಲ್ ತಂಡ ಬಂದಿಳಿದಿತ್ತು. ಬೆಟ್ಟಗಳ ನಡುವಿನ ಲೊರೆಟ್ಟೊ ಎಂಬ ಪುಟ್ಟ ಊರಿನ ಸೇಂಟ್ ಫ್ರಾನ್ಸಿಸ್ ಯೂನಿವರ್ಸಿಟಿಯ ತಂಡ ಅದು. 1847ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಶುರು ಮಾಡಿದ ವಿದ್ಯಾಸಂಸ್ಥೆ.

ಇಂಥ ತಂಡವನ್ನು ಕರೆಸುವುದೇ ಸೋಲಿಸೋಕೆ. ಹೀಗೆ ಹೇಳಿದರೆ ಒರಟು ಅನಿಸಬಹುದು. ಆದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇದು ಮುಚ್ಚುಮರೆ ಇಲ್ಲದ ವ್ಯವಹಾರ. ದೊಡ್ಡ ತಂಡ ಸಣ್ಣ ತಂಡಕ್ಕೆ ಇಂತಿಷ್ಟು ದುಡ್ಡು ಅಂತ ಮಾತಾಡಿ ತನ್ನ ಮೈದಾನಕ್ಕೆ ಕರೆಸಿಕೊಳ್ಳುತ್ತದೆ. ದೊಡ್ಡವರಿಗೆ ಒಂದು ಸುಲಭದ ಗೆಲುವು, ಜೊತೆಗೆ ಟಿಕೆಟ್ ಕಲೆಕ್ಷನ್. ಸಣ್ಣವರಿಗೆ ಒಂದು ಚೆಕ್ಕು, ಮೈತುಂಬ ನೋವು.

ಆ ದಿನ ಮಾತ್ರ ಲೆಕ್ಕ ತಪ್ಪಿತು. ಸೇಂಟ್ ಫ್ರಾನ್ಸಿಸ್ 23, ಕೆಂಟ್ ಸ್ಟೇಟ್ 17.

ಕೆಂಟ್ ಸ್ಟೇಟ್‌ನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಮುಂದಿನ ಶನಿವಾರ ಅದು ಟೆನ್ನೆಸ್ಸೀಗೆ ಹೋಗಿ 71-0ರಿಂದ ಸೋತಿತು. ಅದರ ಮುಂದಿನ ಶನಿವಾರ ಪೆನ್ ಸ್ಟೇಟ್ ಕೈಲಿ 56-0. ಅಲ್ಲೆಲ್ಲ ಚೆಕ್ ಇಸ್ಕೊಂಡು ಹೊಡೆಸಿಕೊಳ್ಳುವ ಸರದಿ ಕೆಂಟ್‌ದೇ. ಅಂದರೆ ಇದೊಂದು ಸರಪಣಿ. ಮೇಲಿನವರು ಕೊಟ್ಟ ದುಡ್ಡಲ್ಲಿ ಸ್ವಲ್ಪ ಕೆಳಗಿನವರನ್ನು ಕರೆಸೋಕೆ ಹೋಗುತ್ತದೆ. ಆ ಸೀಸನ್‌ನಲ್ಲಿ ಕೆಂಟ್ 12 ಪಂದ್ಯ ಆಡಿತು, 12ನ್ನೂ ಸೋತಿತು.

ಈಗ ವಿಚಿತ್ರ ನೋಡಿ. ಹನ್ನೆರಡೂ ಸೋತ ಕೆಂಟ್ ಸ್ಟೇಟ್ ಇವತ್ತಿಗೂ ಅದೇ ಮೇಲಿನ ಮೆಟ್ಟಿಲಲ್ಲಿದೆ. ಅದನ್ನು ಸೋಲಿಸಿದ ಸೇಂಟ್ ಫ್ರಾನ್ಸಿಸ್ 2025ರ ಮಾರ್ಚ್ 25ರಂದು ಒಂದು ಪ್ರಕಟಣೆ ಹೊರಡಿಸಿತು. ಇನ್ನು ಡಿವಿಷನ್ 1ರ ಸಹವಾಸ ಸಾಕು, ಡಿವಿಷನ್ 3ಕ್ಕೆ ಹೋಗ್ತೀವಿ ಅಂತ. ಒಂದು ಮೆಟ್ಟಿಲಲ್ಲ, ಎರಡು ಮೆಟ್ಟಿಲು ಒಟ್ಟಿಗೆ. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು ಇದೇ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿ ಎರಡೇ ಅಂಕದಿಂದ ಸೋತಿತ್ತು. ಆಟದಲ್ಲಿ ಕೈಲಾಗದೆ ಇಳಿದವರಲ್ಲ ಇವರು. ಹಾಗಾದರೆ ಯಾಕೆ?

ಇದಕ್ಕೆ ಉತ್ತರ ಬೇಕಾದರೆ ಮೆಟ್ಟಿಲುಗಳನ್ನು ಒಮ್ಮೆ ಎಣಿಸಬೇಕು. ಅಂದಹಾಗೆ ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಹಿಡಿದು ಓಡುವ ಅಮೆರಿಕನ್ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಪ್ರಯತ್ನ ಸಿಗುತ್ತದೆ. ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಈ ಒಂದು ಅಂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್. ಫುಟ್‌ಬಾಲ್‌ಗೆ ಮಾತ್ರ ಡಿವಿಷನ್ 1ರೊಳಗೆ ಮತ್ತೆ ಎರಡು ಭಾಗ. ಮೇಲಿನದು ಎಫ್‌ಬಿಎಸ್. ಟಿವಿಯಲ್ಲಿ ಕಾಣುವ ಅಲಬಾಮ, ಒಹಾಯೋ ಸ್ಟೇಟ್, ಲಕ್ಷ ಜನ ಹಿಡಿಯುವ ಸ್ಟೇಡಿಯಂ ಎಲ್ಲ ಇಲ್ಲಿಯವು. ಕೆಳಗಿನದು ಎಫ್‌ಸಿಎಸ್. ಅದರ ಕೆಳಗೆ ಡಿವಿಷನ್ 2, ಡಿವಿಷನ್ 3. ಪಕ್ಕದಲ್ಲಿ ಎನ್‌ಎಐಎ ಅನ್ನೋ ಸಣ್ಣ ಕಾಲೇಜುಗಳ ಬೇರೆಯೇ ಒಂದು ಸಂಸ್ಥೆ. ಯುರೋಪಿನ ಲೀಗ್‌ಗಳ ಹಾಗೆ ಗೆದ್ದವರು ಮೇಲೆ, ಸೋತವರು ಕೆಳಗೆ ಅನ್ನುವ ಪದ್ಧತಿ ಇಲ್ಲಿಲ್ಲ. ಯಾವ ಮೆಟ್ಟಿಲಲ್ಲಿ ಕೂರಬೇಕು ಅನ್ನೋದನ್ನು ಕಾಲೇಜೇ ತನ್ನ ಜೇಬು ನೋಡಿಕೊಂಡು ತೀರ್ಮಾನಿಸುತ್ತದೆ. ಕೆಂಟ್ ಸ್ಟೇಟ್ ಇನ್ನೂ ಮೇಲಿರುವ ಗುಟ್ಟು ಇಷ್ಟೇ.

2024ರ ಸೀಸನ್‌ವರೆಗೆ ಮೆಟ್ಟಿಲುಗಳ ನಡುವಿನ ವ್ಯತ್ಯಾಸವನ್ನು ಒಂದು ಸಂಖ್ಯೆಯಲ್ಲಿ ಹೇಳಬಹುದಿತ್ತು. ಒಂದು ತಂಡ ಎಷ್ಟು ಸ್ಕಾಲರ್‌ಶಿಪ್ ಕೊಡಬಹುದು ಅನ್ನುವ ಸಂಖ್ಯೆ ಅದು. ಎಫ್‌ಬಿಎಸ್‌ನಲ್ಲಿ 85. ಎಫ್‌ಸಿಎಸ್‌ನಲ್ಲಿ 63. ಡಿವಿಷನ್ 2ರಲ್ಲಿ 36. ಡಿವಿಷನ್ 3ರಲ್ಲಿ ಸೊನ್ನೆ. ಡಿವಿಷನ್ 2ರ ಆ 36ನ್ನು ನೂರು ಹುಡುಗರಿಗೆ ಹಂಚುತ್ತಾರೆ, ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಕಾಲು. ಉಳಿದ ಫೀಸನ್ನು ಮನೆಯವರು ಕಟ್ಟಬೇಕು ಇಲ್ಲವೇ ಸಾಲ ಮಾಡಬೇಕು.

ಈ ನಾಲ್ಕು ಸಂಖ್ಯೆಗಳನ್ನು ಮೇಲಿಂದ ಕೆಳಗೆ ಓದುತ್ತಾ ಹೋದರೆ ದುಡ್ಡು ಯಾವ ಕಡೆ ಹರಿಯುತ್ತದೆ ಅಂತ ಗೊತ್ತಾಗುತ್ತದೆ. ಮೇಲೆ ಕಾಲೇಜು ಆಟಗಾರನಿಗೆ ಕೊಡುತ್ತದೆ. ಕೆಳಗೆ ಆಟಗಾರನೇ ಕಾಲೇಜಿಗೆ ಕೊಡುತ್ತಾನೆ. ಆಟ ಒಂದೇ, ನಿಯಮ ಹೆಚ್ಚುಕಡಿಮೆ ಒಂದೇ, ಹೆಲ್ಮೆಟ್ ಕೂಡ ಒಂದೇ ಥರದ್ದು. ಆದರೆ ಇವು ಎರಡು ಬೇರೆ ಬೇರೆ ವ್ಯಾಪಾರ. ಪೂರ್ತಿ ಮೇಲಿರುವವರಿಗೆ ಒಂದು ದಾರಿ ಇದೆ, ಪೂರ್ತಿ ಕೆಳಗಿರುವವರಿಗೂ ಒಂದಿದೆ. ನಡುವೆ ನಿಂತವರ ಕಾಲಡಿ ಮಣ್ಣು ಕುಸಿಯುತ್ತಿದೆ ಅನ್ನೋದು ನನ್ನ ಅಂದಾಜು.

ನಡುವೆ ನಿಂತರೂ ಗಟ್ಟಿಯಾಗಿರುವವರು ಇದ್ದಾರೆ. ಮೊದಲು ಅವರನ್ನೇ ನೋಡೋಣ.

ಮೊಂಟಾನ, ನಾರ್ತ್ ಡಕೋಟ, ಸೌತ್ ಡಕೋಟ. ಭೂಪಟದಲ್ಲಿ ಅಗಲವಾದ ರಾಜ್ಯಗಳು, ಜನ ಮಾತ್ರ ಕಮ್ಮಿ. ಮೊಂಟಾನದ ಒಟ್ಟು ಜನಸಂಖ್ಯೆ ಸುಮಾರು 11 ಲಕ್ಷ. ಈ ಮೂರರಲ್ಲೂ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡ ಇಲ್ಲ, 2025ರ ಸೀಸನ್‌ವರೆಗೆ ಎಫ್‌ಬಿಎಸ್ ತಂಡವೂ ಇರಲಿಲ್ಲ. ಹಾಗಾಗಿ ಜನರ ಪ್ರೀತಿಯೆಲ್ಲ ಎಫ್‌ಸಿಎಸ್ ಕಾಲೇಜುಗಳ ಮೇಲೆ. ಬೋಜ್‌ಮನ್‌ನ ಮೊಂಟಾನ ಸ್ಟೇಟ್, ಮಿಜೂಲದ ಮೊಂಟಾನ ಯೂನಿವರ್ಸಿಟಿ ನವೆಂಬರ್‌ನಲ್ಲಿ ಎದುರಾದರೆ ಇಡೀ ರಾಜ್ಯ ಎರಡು ಪಾಲಾಗುತ್ತದೆ. 2024ರಲ್ಲಿ ಮೊಂಟಾನ ಸ್ಟೇಟ್ 34-11ರಿಂದ ಗೆದ್ದಿತು. ಫಾರ್ಗೊ ಊರಿನ ನಾರ್ತ್ ಡಕೋಟ ಸ್ಟೇಟ್ ಆಡೋದು ಮೇಲೆ ಸೂರಿರುವ ಫಾರ್ಗೊಡೋಮ್‌ನಲ್ಲಿ. ಹೊರಗೆ ಮೈನಸ್ ಚಳಿ, ಒಳಗೆ ಹದಿನೆಂಟು ಸಾವಿರ ಜನರ ಕೂಗು. ಆ ಸದ್ದಿನಲ್ಲಿ ಎದುರು ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ಕೂಗಿ ಹೇಳಿದ್ದು ಪಕ್ಕದವನಿಗೇ ಕೇಳಿಸಲ್ಲ.

ಎಫ್‌ಸಿಎಸ್ ಚಾಂಪಿಯನ್‌ಶಿಪ್‌ಗೆ 24 ತಂಡಗಳ ನಾಕೌಟ್ ಇದೆ. ಸೋತರೆ ಮನೆಗೆ. ಡಿಸೆಂಬರ್‌ನ ಹಿಮದಲ್ಲಿ, ಕಾಲೇಜಿನ ಸ್ವಂತ ಮೈದಾನಗಳಲ್ಲೇ ಸೆಮಿಫೈನಲ್‌ವರೆಗೂ ಆಡುತ್ತಾರೆ. ದೊಡ್ಡ ಎಫ್‌ಬಿಎಸ್‌ನವರು ಇಂಥದ್ದೊಂದನ್ನು ಕಲಿತದ್ದೇ ಇತ್ತೀಚೆಗೆ, 12 ತಂಡಗಳ ನಾಕೌಟ್ ಅಲ್ಲಿಗೆ ಬಂದದ್ದು 2024ರಲ್ಲಿ. ಕೆಳಗಿನವರು ದಶಕಗಳಿಂದ ಮಾಡುತ್ತಿದ್ದರು.

ಆ ಸೀಸನ್‌ನಲ್ಲಿ ಮೊಂಟಾನ ಸ್ಟೇಟ್ ಸೋಲಿಲ್ಲದೆ ಫೈನಲ್‌ಗೆ ಬಂತು. 15 ಪಂದ್ಯ, 15 ಗೆಲುವು. ಮೊದಲ ಪಂದ್ಯದಲ್ಲೇ ಎಫ್‌ಬಿಎಸ್‌ನ ನ್ಯೂ ಮೆಕ್ಸಿಕೊವನ್ನು ಅವರ ಊರಿನಲ್ಲೇ 35-31ರಿಂದ ಹೊಡೆದಿತ್ತು. ಕ್ವಾರ್ಟರ್‌ಬ್ಯಾಕ್ ಟಾಮಿ ಮೆಲ್ಲಟ್, ಮೊಂಟಾನದ ಹಳೇ ಗಣಿ ಊರು ಬ್ಯೂಟ್‌ನ ಹುಡುಗ. ಎಫ್‌ಸಿಎಸ್‌ನ ಅತ್ಯುತ್ತಮ ದಾಳಿ ಆಟಗಾರನಿಗೆ ಕೊಡುವ ವಾಲ್ಟರ್ ಪೇಟನ್ ಪ್ರಶಸ್ತಿ ಆ ವರ್ಷ ಅವನಿಗೇ ಬಂತು. ಆದರೆ ನಾರ್ತ್ ಡಕೋಟ ಸ್ಟೇಟ್ ಅವನ ಪಾಲಿಗೆ ಶನಿ. ಮೊದಲ ವರ್ಷದಲ್ಲೇ, ಅಂದರೆ 2021ರ ಸೀಸನ್‌ನ ಫೈನಲ್‌ನಲ್ಲಿ ಆಟ ಶುರುವಾದ ಸ್ವಲ್ಪ ಹೊತ್ತಿಗೆ ಗಾಯ ಮಾಡಿಕೊಂಡು ಹೊರಗೆ ಕೂತ. ತಂಡ 38-10ರಿಂದ ಸೋತಿತು.

2023ರ ಡಿಸೆಂಬರ್‌ನಲ್ಲಿ ಮತ್ತೆ ಅವರೇ, ಈ ಸಲ ಬೋಜ್‌ಮನ್‌ನಲ್ಲೇ. ಸಮಬಲವಾಗಿ ಓವರ್‌ಟೈಮ್‌ಗೆ ಹೋಯಿತು. ನಾರ್ತ್ ಡಕೋಟ ಸ್ಟೇಟ್ ಟಚ್‌ಡೌನ್ ಮಾಡಿ, ಮೇಲಿನ ಒಂದು ಅಂಕವನ್ನೂ ಗಳಿಸಿತು. 35. ಮೊಂಟಾನ ಸ್ಟೇಟ್ ಕೂಡ ಟಚ್‌ಡೌನ್ ಮಾಡಿತು. 34. ಇನ್ನು ಒಂದೇ ಒಂದು ಅಂಕ. ಅಷ್ಟು ಹತ್ತಿರದಿಂದ ಒದ್ದರೆ ಸಾಮಾನ್ಯವಾಗಿ ಯಾರೂ ತಪ್ಪಲ್ಲ. ಚೆಂಡು ಹಿಂದಕ್ಕೆ ಬಂತು, ಒಬ್ಬ ಅದನ್ನು ಹಿಡಿದು ನೆಲಕ್ಕೂರಿದ, ಒದೆಯುವವನು ಒದ್ದ, ನಡುವೆ ಒಂದು ಕೈ ಎದ್ದಿತು. ಚೆಂಡು ಆ ಕೈಗೆ ತಾಗಿ ಕೆಳಗೆ ಬಿತ್ತು. ಅಲ್ಲಿಗೆ ಒಂದು ವರ್ಷದ ಕೆಲಸ ಮುಗಿಯಿತು.

ಹೀಗಾಗಿ 2025ರ ಜನವರಿ 6ರ ಫೈನಲ್ ಅಂದರೆ ಮೊಂಟಾನದವರಿಗೆ ಹಳೇ ಬಾಕಿ ವಸೂಲಿ. ಜಾಗ ಟೆಕ್ಸಸ್‌ನ ಫ್ರಿಸ್ಕೊ, ಒಂದು ಸಾಕರ್ ಕ್ಲಬ್ಬಿನ ಮೈದಾನ. ಬಾಕಿ ವಸೂಲಾಗಲಿಲ್ಲ. ನಾರ್ತ್ ಡಕೋಟ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ಮಿಲ್ಲರ್ ಎಸೆದೂ ಗೆಲ್ಲಿಸಿದ, ಓಡಿಯೂ ಗೆಲ್ಲಿಸಿದ. ಆರಂಭದಲ್ಲೇ ಹಿಂದೆ ಬಿದ್ದ ಮೊಂಟಾನ ಸ್ಟೇಟ್ ಆಮೇಲೆ ಬೆನ್ನಟ್ಟಿ ಬಂದರೂ ಕೊನೆಗೆ 35-32. ನಾರ್ತ್ ಡಕೋಟ ಸ್ಟೇಟ್‌ಗೆ ಅದು 10ನೇ ಕಿರೀಟ, ಎಲ್ಲವೂ 2011ರಿಂದ ಈಚೆಗೆ.

ಆ ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಡೆ, ಒಂದು ತಮಾಷೆ ನಡೆಯಿತು. ಲಾಸ್ ವೇಗಸ್ ರೈಡರ್ಸ್ ಆರನೇ ಸುತ್ತಿನಲ್ಲಿ ಮೆಲ್ಲಟ್‌ನನ್ನು ತೆಗೆದುಕೊಂಡಿತು. ಅದೇ ಸುತ್ತಿನಲ್ಲಿ ಮಿಲ್ಲರ್‌ನನ್ನೂ ತೆಗೆದುಕೊಂಡಿತು. ಫೈನಲ್‌ನಲ್ಲಿ ಎದುರುಬದುರು ನಿಂತ ಇಬ್ಬರೂ ಒಂದೇ ತಂಡದ ಪಾಲು. ಮಿಲ್ಲರ್‌ನ ಮುಂದೆ ನಿಂತು ಅವನನ್ನು ಕಾಯುತ್ತಿದ್ದ ಗ್ರೇ ಜೇಬಲ್ ಮೊದಲ ಸುತ್ತಿನಲ್ಲೇ, 18ನೆಯವನಾಗಿ ಸಿಯಾಟಲ್‌ಗೆ ಹೋದ. ಕೆಳ ಡಿವಿಷನ್ ಅಂದರೆ ಆಟವೂ ಕೆಳಮಟ್ಟ ಅಂದುಕೊಂಡವರಿಗೆ ಇಷ್ಟು ಸಾಕು.

ಇಲ್ಲಿವರೆಗೆ ಚಂದ. ಈಗ ಮಣ್ಣು ಕುಸಿಯುವ ಮಾತಿಗೆ ಬರೋಣ.

ಮೊದಲೆಲ್ಲ ಒಬ್ಬ ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಬದಲಿಸಿದರೆ ಪರವಾಗಿಲ್ಲ ಅಂತಾಯಿತು. 2024ರ ಏಪ್ರಿಲ್‌ನಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಿ, ಕೂಡಲೇ ಆಡಿ ಅಂತಾಯಿತು. ಹೋಗಬೇಕೆನ್ನುವವರು ಹೆಸರು ಹಾಕುವ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಅನ್ನುತ್ತಾರೆ. ಜೊತೆಗೆ 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖದ ಮೇಲೆ ಜಾಹೀರಾತು ದುಡ್ಡು ಮಾಡಿಕೊಳ್ಳಬಹುದು. ಎರಡೂ ಸೇರಿದಾಗ ಏನಾಗುತ್ತದೆ ಅಂತ ಊಹಿಸೋದು ಕಷ್ಟವಲ್ಲ ಅಲ್ವಾ?

ಕ್ಯಾಮ್ ವಾರ್ಡ್ ಎಂಬ ಟೆಕ್ಸಸ್ ಹುಡುಗನನ್ನು ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡಲಿಲ್ಲ. ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್ ಎಂಬ ಎಫ್‌ಸಿಎಸ್ ಕಾಲೇಜು ಕರೆದು ಸ್ಕಾಲರ್‌ಶಿಪ್ ಕೊಟ್ಟಿತು. ಅಲ್ಲಿ ಎರಡು ಸೀಸನ್ ಮಿಂಚಿದ. ಆಮೇಲೆ ವಾಷಿಂಗ್ಟನ್ ಸ್ಟೇಟ್, ಆಮೇಲೆ ಮಯಾಮಿ. 2025ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆ ಅವನೇ.

ಇದಕ್ಕಿಂತ ಸೋಜಿಗದ್ದು ಟ್ರಿನಿಡಾಡ್ ಚಾಂಬ್ಲಿಸ್ ಕಥೆ. ಮಿಶಿಗನ್‌ನ ಬಿಗ್ ರ‍್ಯಾಪಿಡ್ಸ್ ಅನ್ನೋ ಊರಿನ ಫೆರಿಸ್ ಸ್ಟೇಟ್‌ಗೆ ಆಡುತ್ತಿದ್ದ. ಅದು ಡಿವಿಷನ್ 2. 2024ರ ಡಿಸೆಂಬರ್ 21ರಂದು ಫೆರಿಸ್ ಸ್ಟೇಟ್ ಜಾರ್ಜಿಯಾದ ವಾಲ್ಡೋಸ್ಟ ಸ್ಟೇಟ್ ತಂಡವನ್ನು 49-14ರಿಂದ ಚಚ್ಚಿ ಚಾಂಪಿಯನ್ ಆಯಿತು. ಆ ಫೈನಲ್ ನಡೆದದ್ದು ಟೆಕ್ಸಸ್‌ನ ಮೆಕಿನ್ನಿಯಲ್ಲಿ, ಹೈಸ್ಕೂಲ್ ಹುಡುಗರಿಗೆ ಅಂತ ಕಟ್ಟಿದ ಸ್ಟೇಡಿಯಂನಲ್ಲಿ. ಟೆಕ್ಸಸ್ ಹೈಸ್ಕೂಲ್ ಸ್ಟೇಡಿಯಂ ಅಂದರೆ ನಮ್ಮ ಎಷ್ಟೋ ಜಿಲ್ಲಾ ಕ್ರೀಡಾಂಗಣಗಳನ್ನು ಒಳಗೆ ಹಾಕಿಕೊಳ್ಳುವ ಹಾಗಿರುತ್ತದೆ, ಆ ಮಾತು ಬೇರೆ. ಮುಂದಿನ ವರ್ಷ ಚಾಂಬ್ಲಿಸ್ ಮಿಸಿಸಿಪ್ಪಿ ಯೂನಿವರ್ಸಿಟಿಗೆ, ಜನ ಕರೆಯುವ ಓಲ್ ಮಿಸ್‌ಗೆ, ಬದಲಿ ಆಟಗಾರನಾಗಿ ಹೋದ. ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಯಿತು. ಇವನು ಒಳಗೆ ಬಂದವನು ಮತ್ತೆ ಹೊರಗೆ ಹೋಗಲೇ ಇಲ್ಲ. 2026ರ ಜನವರಿ 1ರಂದು ಜಾರ್ಜಿಯಾವನ್ನು 39-34ರಿಂದ ಸೋಲಿಸಿ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್‌ಗೆ ಮುಟ್ಟಿಸಿದ.

ಹುಡುಗರ ದೃಷ್ಟಿಯಿಂದ ನೋಡಿದರೆ ಇದರಲ್ಲಿ ತಪ್ಪೇನೂ ಇಲ್ಲ. ಕೋಚ್‌ಗಳು ಮಧ್ಯ ಸೀಸನ್‌ನಲ್ಲೇ ಜಾಸ್ತಿ ಸಂಬಳಕ್ಕೆ ಬೇರೆ ಕಡೆ ಹಾರುತ್ತಾರೆ. ಆಟಗಾರ ಮಾತ್ರ ಯಾಕೆ ಕಟ್ಟಿಹಾಕಿಸಿಕೊಂಡು ಕೂರಬೇಕು? ಅವನ ಮೊಣಕಾಲು ಎಷ್ಟು ವರ್ಷ ಬಾಳುತ್ತದೋ ಯಾರಿಗೆ ಗೊತ್ತು. ನನ್ನ ತಕರಾರು ಬೇರೆ. ಯುರೋಪಿನ ಸಾಕರ್‌ನಲ್ಲಿ ಸಣ್ಣ ಕ್ಲಬ್ಬಿನ ಹುಡುಗನನ್ನು ದೊಡ್ಡ ಕ್ಲಬ್ ಎಳೆದುಕೊಂಡರೆ ಸಣ್ಣವರಿಗೆ ವರ್ಗಾವಣೆ ದುಡ್ಡು ಸಿಗುತ್ತದೆ. ಎಷ್ಟೋ ಕ್ಲಬ್‌ಗಳು ಬದುಕಿರೋದೇ ಅದರಿಂದ. ಇಲ್ಲಿ ಅಂಥ ಏರ್ಪಾಡೇ ಇಲ್ಲ. ಚಾಂಬ್ಲಿಸ್‌ನನ್ನು ಮೂರು ನಾಲ್ಕು ವರ್ಷ ತಿದ್ದಿದ್ದು ಫೆರಿಸ್ ಸ್ಟೇಟ್. ಸಸಿ ನೆಟ್ಟು ನೀರು ಹಾಕಿದವರು ಒಬ್ಬರು, ಹಣ್ಣು ಕಿತ್ತವರು ಇನ್ನೊಬ್ಬರು.

ಹಾಗಂತ ಓಡಾಟ ಬರೀ ಮೇಲ್ಮುಖ ಅಲ್ಲ. ಮೇಲೆ ಬೆಂಚು ಕಾಯಿಸಿ ಬೇಜಾರಾದ ಹುಡುಗರು ಕೆಳಗೂ ಇಳಿಯುತ್ತಾರೆ. ಮೆಲ್ಲಟ್ ಹೋದ ಮೇಲೆ ಮೊಂಟಾನ ಸ್ಟೇಟ್‌ಗೆ ಬಂದ ಜಸ್ಟಿನ್ ಲ್ಯಾಮ್‌ಸನ್ ಮೊದಲು ಸಿರಾಕ್ಯೂಸ್‌ನಲ್ಲಿದ್ದ, ಆಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ. ಅವನ ಕೈಲಿ ಆದದ್ದೇನು ಅನ್ನೋದನ್ನು ಆಮೇಲೆ ಹೇಳ್ತೀನಿ.

ಎರಡನೇ ಪೆಟ್ಟು ಕೋರ್ಟಿನಿಂದ ಬಂತು. ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ, ಹೌಸ್ ಅನ್ನೋ ಹೆಸರಿನ ಮೊಕದ್ದಮೆಯ ರಾಜಿಗೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟರು. ಇನ್ನು ಮೇಲೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಸಂಬಳದಂತೆ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್. ಜೊತೆಗೆ, ಇಷ್ಟು ವರ್ಷ ಕೊಡದೆ ಉಳಿಸಿಕೊಂಡದ್ದಕ್ಕೆ ಹಳೇ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ.

ಆ ಪರಿಹಾರದ ಬಹುಪಾಲು ಹೋಗೋದು ದೊಡ್ಡ ಕಾಲೇಜುಗಳ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರರಿಗೆ. ದುಡ್ಡು ಮಾಡಿದ್ದೂ ಆ ದೊಡ್ಡ ಕಾಲೇಜುಗಳೇ. ಆದರೆ ಕಟ್ಟಲು ಎನ್‌ಸಿಎಎ ಏನು ಮಾಡಿತು? ಡಿವಿಷನ್ 1ರ ಎಲ್ಲ ಕಾಲೇಜುಗಳಿಗೂ ವರ್ಷವರ್ಷ ಹಂಚುತ್ತಿದ್ದ ಹಣದಲ್ಲೇ ಒಂದು ದೊಡ್ಡ ಪಾಲು ಮುರಿದುಕೊಂಡಿತು. ಸೇಂಟ್ ಫ್ರಾನ್ಸಿಸ್‌ನಂಥ ಕಾಲೇಜಿಗೂ ಕತ್ತರಿ ಬಿತ್ತು. ಸಣ್ಣ ಕಾನ್ಫರೆನ್ಸ್‌ಗಳು, ಅಂದರೆ ತಮ್ಮತಮ್ಮಲ್ಲೇ ಆಡಿಕೊಳ್ಳುವ ಕಾಲೇಜುಗಳ ಗುಂಪುಗಳು, ಇದು ಅನ್ಯಾಯ ಅಂತ ಕೂಗಾಡಿ ನೋಡಿದವು, ಕೇಳಿದವರಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೂರನೇ ತೊಂದರೆ ಮೆಟ್ಟಿಲಿನದ್ದೇ. ಎಫ್‌ಸಿಎಸ್‌ನಲ್ಲಿ ಚೆನ್ನಾಗಿ ಆಡುವ, ದುಡ್ಡೂ ಇರುವ ಕಾಲೇಜುಗಳು ಒಂದೊಂದಾಗಿ ಮೇಲಕ್ಕೆ ಹೊರಟಿವೆ. 2022ರಲ್ಲಿ ಜೇಮ್ಸ್ ಮ್ಯಾಡಿಸನ್, 2023ರಲ್ಲಿ ಜಾಕ್ಸನ್‌ವಿಲ್ ಸ್ಟೇಟ್ ಮತ್ತು ಸ್ಯಾಮ್ ಹ್ಯೂಸ್ಟನ್, 2024ರಲ್ಲಿ ಕೆನಸಾ ಸ್ಟೇಟ್, 2025ರಲ್ಲಿ ಡೆಲವೇರ್ ಮತ್ತು ಮಿಸೌರಿ ಸ್ಟೇಟ್. ಇದನ್ನು ತಡೆಯೋಕೆ ಎನ್‌ಸಿಎಎ 2023ರಲ್ಲಿ ಮೇಲೆ ಹತ್ತುವ ಶುಲ್ಕವನ್ನು 5 ಸಾವಿರ ಡಾಲರ್‌ನಿಂದ 50 ಲಕ್ಷ ಡಾಲರ್‌ಗೆ ಏರಿಸಿತು. ಓದುವಾಗ ಸೊನ್ನೆ ತಪ್ಪಿತೇನೋ ಅಂದುಕೊಳ್ಳಬೇಡಿ. ಸಾವಿರ ಪಟ್ಟು. ಅದಾದ ಮೇಲೂ ಹೋಗುವವರು ಹೋಗುತ್ತಲೇ ಇದ್ದಾರೆ. ಉಳಿದವರ ಜೊತೆ ಆಡಲು ಗಟ್ಟಿ ಎದುರಾಳಿಗಳು ಕಮ್ಮಿಯಾಗುತ್ತಿದ್ದಾರೆ.

ಚೆಕ್ ಪಂದ್ಯಗಳನ್ನು ನಂಬಿ ಬದುಕಬಹುದೇ? 2007ರಲ್ಲಿ ಅಪ್ಪಲೇಶಿಯನ್ ಸ್ಟೇಟ್ 4 ಲಕ್ಷ ಡಾಲರ್ ಪಡೆದು ಮಿಶಿಗನ್‌ನ ಲಕ್ಷ ಜನರ ಮುಂದೆ ಆಡಿ, 34-32ರಿಂದ ಗೆದ್ದು ಬಂದದ್ದು ಇವತ್ತಿಗೂ ದಂತಕಥೆ. ಆದರೆ ದಂತಕಥೆ ದಿನಾ ನಡೆಯಲ್ಲ. 2024ರ ಆಗಸ್ಟ್ 29ರಂದು ನಾರ್ತ್ ಡಕೋಟ ಸ್ಟೇಟ್ ಕೊಲರಾಡೊಗೆ ಹೋಗಿ ಕೊನೆಯ ಕ್ಷಣದವರೆಗೂ ಹೋರಾಡಿ 31-26ರಿಂದ ಸೋತಿತು. ಆ ಸಂಜೆ ಅವರನ್ನು ಸೋಲಿಸಿದ ಟ್ರ್ಯಾವಿಸ್ ಹಂಟರ್ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಅಂಥವನ ಎದುರು ಆಡಿ ಐದೇ ಅಂಕದ ಸೋಲು ಅಂದರೆ ಸಣ್ಣ ಮಾತಲ್ಲ. ಆದರೆ ಎಫ್‌ಸಿಎಸ್‌ನ ಎಲ್ಲರೂ ನಾರ್ತ್ ಡಕೋಟ ಸ್ಟೇಟ್ ಅಲ್ಲವಲ್ಲ. ಬಹಳಷ್ಟು ಕಾಲೇಜುಗಳಿಗೆ ಈ ಚೆಕ್ಕು ಬಜೆಟ್‌ನ ಒಂದು ಸಾಲು, ಆಟಗಾರರಿಗೆ ಒಂದು ವಾರದ ಐಸ್ ಪ್ಯಾಕ್.

ಇದೇ ಡಿವಿಷನ್ 1ರಲ್ಲಿ ಈ ಲೆಕ್ಕಕ್ಕೆ ಸಿಗದ ಇಬ್ಬರಿದ್ದಾರೆ. ಒಬ್ಬರು ಕಪ್ಪು ಜನರ ಐತಿಹಾಸಿಕ ಕಾಲೇಜುಗಳು. ಅವರ ಎರಡು ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳು ನಾಕೌಟ್ ಬಿಟ್ಟು ಅಟ್ಲಾಂಟದಲ್ಲಿ ತಮ್ಮದೇ ಸೆಲೆಬ್ರೇಶನ್ ಬೌಲ್ ಆಡುತ್ತಾರೆ. 2024ರಲ್ಲಿ ಜಾಕ್ಸನ್ ಸ್ಟೇಟ್ ಸೌತ್ ಕೆರೊಲೈನ ಸ್ಟೇಟ್ ತಂಡವನ್ನು 28-7ರಿಂದ ಸೋಲಿಸಿತು. ಟಿವಿ ದುಡ್ಡು, ಜನಜಾತ್ರೆ ಎರಡೂ ಅಲ್ಲಿದೆ. ವಿರಾಮದಲ್ಲಿ ಕಾಲೇಜು ಬ್ಯಾಂಡ್ ಬಂದಾಗ ಯಾರೂ ತಿಂಡಿಗೆ ಎದ್ದು ಹೋಗಲ್ಲ, ಎಷ್ಟೋ ಜನ ಬರೋದೇ ಅದಕ್ಕೆ. ಇನ್ನೊಬ್ಬರು ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್‌ನವರು. ಕ್ರೀಡಾ ಸ್ಕಾಲರ್‌ಶಿಪ್ ಕೊಡಲ್ಲ, ದುಡ್ಡಿನ ಚಿಂತೆಯೂ ಇಲ್ಲ. ನಾಕೌಟ್‌ಗೆ ಬರೋದೇ ಇಲ್ಲ ಅಂತ ದಶಕಗಳ ಕಾಲ ಕೂತಿದ್ದವರು 2024ರ ಡಿಸೆಂಬರ್‌ನಲ್ಲಿ ಮನಸ್ಸು ಬದಲಿಸಿದರು. ಹಾಗೆ ಕೇಳಿದ್ದು ಅವರ ಆಟಗಾರರೇ.

ಈಗ ಪೂರ್ತಿ ಕೆಳಗಿಳಿಯೋಣ. ಡಿವಿಷನ್ 3. ಸುಮಾರು 240 ಕಾಲೇಜುಗಳಲ್ಲಿ ಫುಟ್‌ಬಾಲ್ ಇದೆ, ಕ್ರೀಡಾ ಸ್ಕಾಲರ್‌ಶಿಪ್ ಎಲ್ಲೂ ಇಲ್ಲ. ಶುದ್ಧ ಆಟ, ಆಟದ ಮೇಲಿನ ಪ್ರೀತಿ ಅಂತೆಲ್ಲ ಇದರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಪ್ರೀತಿ ಇರೋದು ನಿಜ. ಜೊತೆಗೊಂದು ಲೆಕ್ಕವೂ ಇದೆ.

ಉದಾಹರಣೆಗೆ ಒಂದು ಖಾಸಗಿ ಕಾಲೇಜು ಇಟ್ಟುಕೊಳ್ಳಿ. ರಿಯಾಯಿತಿಯೆಲ್ಲ ಕಳೆದು ಒಬ್ಬ ವಿದ್ಯಾರ್ಥಿಯಿಂದ ವರ್ಷಕ್ಕೆ ನಿಜವಾಗಿ ಕೈಗೆ ಸಿಗೋದು 20 ಸಾವಿರ ಡಾಲರ್ ಅನ್ನೋಣ. ತಂಡದಲ್ಲಿ 120 ಹುಡುಗರು. ಒಟ್ಟು 24 ಲಕ್ಷ ಡಾಲರ್. ಕೋಚ್‌ಗಳ ಸಂಬಳ, ಬಸ್ಸು, ಹೆಲ್ಮೆಟ್, ಡಾಕ್ಟರು ಎಲ್ಲ ಸೇರಿ 8 ಲಕ್ಷ ಖರ್ಚಾದರೂ 16 ಲಕ್ಷ ಉಳಿಯಿತು. ಟಿಕೆಟ್ ಒಂದೂ ಮಾರದೆ. ಸಂಖ್ಯೆಗಳು ನಾನು ಹಾಕಿಕೊಂಡವು, ಲೆಕ್ಕದ ದಾರಿ ಮಾತ್ರ ಕಾಲೇಜುಗಳು ಹಾಕುವುದೇ. ಅದಕ್ಕೇ ಅಲ್ಲಿನ ಕೋಚ್ ಅರ್ಧ ಕೋಚ್, ಅರ್ಧ ಅಡ್ಮಿಷನ್ ಏಜೆಂಟ್. ಬೇಸಿಗೆಯೆಲ್ಲ ಹೈಸ್ಕೂಲ್ ಹುಡುಗರ ಅಪ್ಪ ಅಮ್ಮಂದಿರಿಗೆ ಫೋನ್ ಮಾಡುತ್ತಾನೆ. ಹಾಸ್ಟೆಲ್ ತೋರಿಸುತ್ತಾನೆ, ಕ್ಯಾಂಟೀನ್ ತೋರಿಸುತ್ತಾನೆ, ಕೊನೆಗೆ ಮೈದಾನ ತೋರಿಸುತ್ತಾನೆ. ಇಂಥ ಕಾಲೇಜುಗಳಲ್ಲಿ ಹುಡುಗಿಯರೇ ಜಾಸ್ತಿ, ಹುಡುಗರು ಬರೋದು ಕಮ್ಮಿಯಾಗಿದೆ. ಹುಡುಗರನ್ನು ಒಟ್ಟಿಗೆ ನೂರರ ಲೆಕ್ಕದಲ್ಲಿ ತರೋಕೆ ಫುಟ್‌ಬಾಲ್‌ಗಿಂತ ಸುಲಭದ ದಾರಿ ಯಾವುದಿದೆ?

1876ರಲ್ಲಿ ಹುಟ್ಟಿದ, ಅಲ್ಲಿವರೆಗೆ ಫುಟ್‌ಬಾಲ್ ತಂಡವನ್ನೇ ಕಟ್ಟದ ಮಿಶಿಗನ್‌ನ ಕ್ಯಾಲ್ವಿನ್ ಯೂನಿವರ್ಸಿಟಿ 2024ರಲ್ಲಿ ಮೊದಲ ಸೀಸನ್ ಆಡಿತು. ಸುಮ್ನೆ ಬಂದ ಹುಮ್ಮಸ್ಸಲ್ಲ ಅದು. ಅಮೆರಿಕದಲ್ಲಿ 2007ರ ನಂತರ ಹುಟ್ಟುವ ಮಕ್ಕಳ ಸಂಖ್ಯೆ ಇಳಿದಿದೆ. 2007ಕ್ಕೆ 18 ಸೇರಿಸಿ ನೋಡಿ. 2025ರಿಂದ ಕಾಲೇಜಿಗೆ ಬರುವ ವಯಸ್ಸಿನವರೇ ಕಮ್ಮಿ.

ಈ ಮದ್ದು ಎಲ್ಲರಿಗೂ ಹತ್ತುತ್ತದೆ ಅಂತಲ್ಲ. ಅಲಬಾಮದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಬಹಳ ವರ್ಷಗಳ ಹಿಂದೆ ನಿಲ್ಲಿಸಿದ್ದ ಫುಟ್‌ಬಾಲನ್ನು 2007ರಲ್ಲಿ ಮತ್ತೆ ಶುರು ಮಾಡಿತು. 2024ರ ಮೇ 31ರಂದು ಕಾಲೇಜೇ ಬಾಗಿಲು ಹಾಕಿತು. ಸೌತ್ ಕೆರೊಲೈನದ ಲೈಮ್‌ಸ್ಟೋನ್, 1845ರ ವಿದ್ಯಾಸಂಸ್ಥೆ, ಡಿವಿಷನ್ 2. 2014ರಲ್ಲಿ ಫುಟ್‌ಬಾಲ್ ತಂದಿತು. 2025ರಲ್ಲಿ ಮುಚ್ಚಿತು. ಲೆಕ್ಕ ತಪ್ಪುವ ಜಾಗ ಒಂದಿದೆ. ಆ 120 ಹುಡುಗರು ನಾಲ್ಕು ವರ್ಷ ಉಳಿಯಬೇಕು. ಹೊರಗಿನ ಪಂದ್ಯಕ್ಕೆ ಬಸ್ಸಿನಲ್ಲಿ ಹೋಗೋದು ಅದರಲ್ಲಿ ಅರ್ಧ ಜನ. ಮಿಕ್ಕವರು ಎರಡನೇ ವರ್ಷಕ್ಕೆ, ನಾನು ಇಷ್ಟು ಫೀಸು ಕಟ್ಟಿ ಇಲ್ಲಿ ಏನು ಮಾಡ್ತಿದ್ದೀನಿ ಅಂತ ಕೇಳಿಕೊಳ್ಳೋಕೆ ಶುರು ಮಾಡುತ್ತಾರೆ.

ಆಟದ ಮಟ್ಟದಲ್ಲಿ ಮಾತ್ರ ಮೇಲಿನ ಸಾಲಿನವರು ಯಾರಿಗೂ ಕಮ್ಮಿ ಇಲ್ಲ. 2025ರ ಜನವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆದ ಡಿವಿಷನ್ 3 ಫೈನಲ್‌ನಲ್ಲಿ ಇಲಿನಾಯ್‌ನ ನಾರ್ತ್ ಸೆಂಟ್ರಲ್ ಕಾಲೇಜು ಮೌಂಟ್ ಯೂನಿಯನ್ ತಂಡವನ್ನು 41-25ರಿಂದ ಸೋಲಿಸಿತು. ಹಿಂದಿನ ವರ್ಷ ಇದೇ ನಾರ್ತ್ ಸೆಂಟ್ರಲ್ ಫೈನಲ್‌ನಲ್ಲಿ 38-37ರಿಂದ ಸೋತಿತ್ತು. ಕೊನೆಗೆ ಟಚ್‌ಡೌನ್ ಮಾಡಿ, ಸಮ ಮಾಡೋ ಒಂದು ಅಂಕ ಬೇಡ, ಒದೆಯೋ ಬದಲು ಮತ್ತೊಮ್ಮೆ ಗೆರೆ ದಾಟಿದರೆ ಸಿಗುವ, ಗೆಲ್ಲೋ ಎರಡು ಅಂಕಕ್ಕೇ ಹೋಗೋಣ ಅಂತ ಹೋಗಿ ಕೈಸುಟ್ಟುಕೊಂಡಿತ್ತು. ಮೌಂಟ್ ಯೂನಿಯನ್ ಅಂದರೆ ಒಹಾಯೋದ ಅಲಯನ್ಸ್ ಎಂಬ ಸಣ್ಣ ಊರಿನ ಕಾಲೇಜು, 13 ಸಲ ಚಾಂಪಿಯನ್. ಆ ಫೈನಲ್ ಸೋತ ಒಂದು ತಿಂಗಳಿಗೆ, ಫೆಬ್ರವರಿ 9ರಂದು, ಅಲ್ಲೇ ಆಡಿ ಬೆಳೆದ ನಿಕ್ ಸಿರಿಯಾನಿ ಕೋಚ್ ಆಗಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದುಕೊಟ್ಟ.

ಮೊಂಟಾನ ಸ್ಟೇಟ್‌ನ ಮಾತು ಬಾಕಿ ಇತ್ತಲ್ಲ. 2026ರ ಜನವರಿ 5, ಜಾಗ ನ್ಯಾಶ್‌ವಿಲ್, ಎದುರಿಗೆ ಇಲಿನಾಯ್ ಸ್ಟೇಟ್. ಹತ್ತು ಕಿರೀಟದ ನಾರ್ತ್ ಡಕೋಟ ಸ್ಟೇಟ್ ತಂಡವನ್ನು ಫಾರ್ಗೊದಲ್ಲೇ 29-28ರಿಂದ ಮನೆಗೆ ಕಳಿಸಿ ಬಂದವರು ಅವರು. ಮತ್ತೆ ಓವರ್‌ಟೈಮ್. ಇಲಿನಾಯ್ ಸ್ಟೇಟ್ ಮೊದಲು ಟಚ್‌ಡೌನ್ ಮಾಡಿತು, 34. ಆ ಒಂದು ಅಂಕಕ್ಕೆ ಒದ್ದರು. ಈ ಸಲ ಎದ್ದ ಕೈ ಮೊಂಟಾನದವರದು. ಆಮೇಲೆ ಲ್ಯಾಮ್‌ಸನ್ ಮುಂದಾಳಾಗಿ ತಂಡ ಟಚ್‌ಡೌನ್ ಮಾಡಿತು, ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 35-34. ಎರಡು ವರ್ಷದ ಹಿಂದೆ ಸೋತದ್ದೂ ಅದೇ 35-34ರಿಂದ. ಮೊಂಟಾನ ಸ್ಟೇಟ್ ಅದಕ್ಕೆ ಮೊದಲು ಚಾಂಪಿಯನ್ ಆಗಿದ್ದು 1984ರಲ್ಲಿ.

ಸೇಂಟ್ ಫ್ರಾನ್ಸಿಸ್‌ಗೆ ಬೋಜ್‌ಮನ್‌ನಂಥ ಊರಿಲ್ಲ. ಇಡೀ ರಾಜ್ಯ ಕೂಗುವ ಅಭಿಮಾನಿ ಬಳಗವೂ ಇಲ್ಲ. ಅದೇ ಪೆನ್ಸಿಲ್ವೇನಿಯಾದಲ್ಲಿ ಪೆನ್ ಸ್ಟೇಟ್ ಇದೆ, ಪಿಟ್ಸ್‌ಬರ್ಗ್ ಇದೆ, ಎರಡು ಎನ್‌ಎಫ್‌ಎಲ್ ತಂಡಗಳಿವೆ. ಡಿವಿಷನ್ 1ರಲ್ಲಿದ್ದರೆ ಸ್ಕಾಲರ್‌ಶಿಪ್ ಕೊಡಬೇಕು. ಆಟಗಾರ ಹೆಸರು ಮಾಡಿದ ಕೂಡಲೇ ಮೇಲಿನವರು ಎಳೆದುಕೊಳ್ಳುತ್ತಾರೆ. ಬರುತ್ತಿದ್ದ ದುಡ್ಡಲ್ಲಿ ಬೇರೆಯವರ ಸಾಲಕ್ಕೆ ಮುರಿದುಕೊಳ್ಳುತ್ತಾರೆ. ಆಟಗಾರರಿಗೆ ದುಡ್ಡು ಕೊಡುವ ಪದ್ಧತಿ, ಟ್ರಾನ್ಸ್‌ಫರ್ ಪೋರ್ಟಲ್, ಎರಡೂ ನಮ್ಮ ಉದ್ದೇಶಕ್ಕೆ ಹೊಂದಲ್ಲ ಅನ್ನೋದೇ ಕಾಲೇಜು ಕೊಟ್ಟ ಕಾರಣ. ಕೆಳಗಿಳಿದರೆ ದುಡ್ಡಿನ ದಿಕ್ಕೇ ತಿರುಗುತ್ತದೆ ಅನ್ನೋದನ್ನು ಪ್ರಕಟಣೆಯಲ್ಲಿ ಬರೆಯುವ ಅಗತ್ಯ ಇರಲಿಲ್ಲ.

ಹಳೇ ಕಾನ್ಫರೆನ್ಸ್‌ನಲ್ಲಿ ಪಂದ್ಯಕ್ಕೆ ಅಂತ ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚುಸೆಟ್ಸ್ ಕಡೆಗೆಲ್ಲ ಓಡಾಡಬೇಕಿತ್ತು. 2026ರಿಂದ ಸೇರಲು ಆರಿಸಿಕೊಂಡ ಪ್ರೆಸಿಡೆಂಟ್ಸ್ ಕಾನ್ಫರೆನ್ಸ್‌ನ ಹೆಚ್ಚಿನ ಕಾಲೇಜುಗಳು ಪಶ್ಚಿಮ ಪೆನ್ಸಿಲ್ವೇನಿಯಾದ ಆಸುಪಾಸಿನಲ್ಲೇ ಇವೆ. ಬೆಳಿಗ್ಗೆ ಬಸ್ ಹತ್ತಿದರೆ ಪಂದ್ಯ ಮುಗಿಸಿ ರಾತ್ರಿ ಊಟಕ್ಕೆ ಹಾಸ್ಟೆಲ್‌ಗೆ ವಾಪಸ್. ಚೆಕ್ ಕೊಟ್ಟು ಕರೆಸುವವರು ಅಲ್ಲಿ ಯಾರೂ ಇಲ್ಲ.